ರೋಮಿಗೆ ಎಷ್ಟು ರಾತ್ರಿ?

ಬೆಂಗಳೂರಿನಲ್ಲಿ ಕೂತು ಷೆಂಗೆನ್ ವೀಸಾದ ಅರ್ಜಿ ತುಂಬುವವರಿಗೆ ರಾತ್ರಿಗಳ ಲೆಕ್ಕ ಮೊದಲೇ ಬೇಕು. ನಾಲ್ಕಾರು ದೇಶ ಸುತ್ತುವವರು ಯಾವ ದೇಶದಲ್ಲಿ ಹೆಚ್ಚು ದಿನ ಉಳಿಯುತ್ತಾರೋ ಆ ದೇಶಕ್ಕೇ ಅರ್ಜಿ ಹಾಕಬೇಕೆಂಬುದು ನಿಯಮ. ಹೋಟೆಲ್ ಬುಕಿಂಗ್, ಹೋಗಿಬರುವ ಟಿಕೆಟ್, 30,000 ಯೂರೋಗೆ ಕಡಿಮೆಯಿಲ್ಲದ ವಿಮೆ, ಎಲ್ಲಕ್ಕೂ ತಾರೀಕು ಹಾಕಿ ಜೋಡಿಸಿ ಕೊಡಬೇಕು. ಊರಿನ ಮುಖ ನೋಡುವ ಮೊದಲೇ ಅಲ್ಲಿಂದ ಎಂದು ಹೊರಡುವುದೆಂದು ಬರೆದುಕೊಡುವ ವ್ಯವಹಾರ ಇದು. ರೋಮಿನ ಪಾಲಿಗೆ ಮೂರು ರಾತ್ರಿ ಬಂದರೆ ದೊಡ್ಡದು. ಟೂರ್ ಪ್ಯಾಕೇಜಾದರೆ ಎರಡು, ಕೆಲವೊಮ್ಮೆ ಒಂದೇ.

ಇದು ರಜೆ ಮತ್ತು ಹಣದ ಲೆಕ್ಕವಷ್ಟೇ ಎಂದುಕೊಳ್ಳುವವರೇ ಹೆಚ್ಚು. ಆದರೆ ರೋಮಿನ ಮಟ್ಟಿಗೆ ಇದು ಏಳುನೂರು ವರ್ಷಗಳ ಹಿಂದೆಯೇ ಧರ್ಮದ ಪ್ರಶ್ನೆಯಾಗಿತ್ತು. ಪೋಪ್ ಒಬ್ಬ ಅದಕ್ಕೆ ಅಂಕಿಯಲ್ಲೇ ಉತ್ತರ ಕೊಟ್ಟಿದ್ದ.

1300ರ ಫೆಬ್ರವರಿ 22ರಂದು ಎಂಟನೆಯ ಬೋನಿಫೇಸ್ ಮೊದಲ ಜುಬಿಲಿ ವರ್ಷವನ್ನು ಸಾರಿದ. ಪಶ್ಚಾತ್ತಾಪಪಟ್ಟು, ಪಾಪನಿವೇದನೆ ಮಾಡಿ, ಸೇಂಟ್ ಪೀಟರ್ ಮತ್ತು ಸೇಂಟ್ ಪಾಲ್ ಬೆಸಿಲಿಕಾಗಳಿಗೆ ಹೋದವರಿಗೆ ಪಾಪದ ದಂಡನೆಯೆಲ್ಲ ಮಾಫಿ. ಷರತ್ತೊಂದಿತ್ತು: ರೋಮಿನವರು 30 ದಿನ, ಪರ ಊರಿನವರು 15 ದಿನ, ದಿನಕ್ಕೊಮ್ಮೆಯಾದರೂ ಹೋಗಬೇಕು. ಊರವರಿಗೆ ದುಪ್ಪಟ್ಟು! ದೂರದಿಂದ ನಡೆದು ಬಂದವರ ಕಾಲುನೋವನ್ನೂ ಪೋಪ್ ಲೆಕ್ಕಕ್ಕೆ ಹಿಡಿದಿರಬೇಕು. ಆ ವರ್ಷ ಯಾತ್ರೆಗೆ ಬಂದಿದ್ದ ಫ್ಲಾರೆನ್ಸಿನ ಜೊವಾನ್ನಿ ವಿಲ್ಲಾನಿ, ಊರವರನ್ನು ಬಿಟ್ಟು ಯಾತ್ರಿಕರೇ ಸದಾ ಎರಡು ಲಕ್ಷ ಇರುತ್ತಿದ್ದರೆಂದು ತನ್ನ ಚರಿತ್ರೆಯಲ್ಲಿ ಬರೆದ. ಅಂಕಿ ಸ್ವಲ್ಪ ಉಬ್ಬಿರಬಹುದು. ಆದರೆ ಸಂತ ಆಂಜೆಲೊ ಸೇತುವೆಯ ಮೇಲೆ ಹೋಗುವವರಿಗೊಂದು ಪಕ್ಕ, ಬರುವವರಿಗೊಂದು ಪಕ್ಕ ಎಂದು ಜನರನ್ನು ಬೇರ್ಪಡಿಸಿದ್ದನ್ನು ದಾಂತೆ ತನ್ನ ಕಾವ್ಯದ ನರಕ ಭಾಗದಲ್ಲಿ ಉಪಮೆಯಾಗಿ ಬಳಸಿಕೊಂಡಿದ್ದಾನೆ. 1450ರ ಜುಬಿಲಿಯಲ್ಲಿ ಅದೇ ಸೇತುವೆಯ ಮೇಲೆ ನೂಕುನುಗ್ಗಲಾಗಿ ನೂರಕ್ಕೂ ಹೆಚ್ಚು ಮಂದಿ ಸತ್ತರು.

ಈ ಷರತ್ತಿನಲ್ಲಿ ಒಂದು ಸೂಕ್ಷ್ಮವಿದೆ. ಹದಿನೈದು ದಿನಕ್ಕೆ ಹದಿನೈದು ಚರ್ಚು ನೋಡಿ ಎಂದು ಬೋನಿಫೇಸ್ ಹೇಳಲಿಲ್ಲ. ಬೇಕೆಂದಿದ್ದರೆ ರೋಮಿನಲ್ಲಿ ಚರ್ಚುಗಳಿಗೆ ಬರವಿರಲಿಲ್ಲ. ಅವೇ ಎರಡು ಕಡೆಗೆ, ದಿನವೂ. ಮೊದಲ ದಿನ ಕುತೂಹಲ ಕರೆದೊಯ್ಯುತ್ತದೆ, ಎರಡನೆಯ ದಿನ ಉತ್ಸಾಹ. ಏಳನೆಯ ದಿನ, ನೋಡಲು ಹೊಸದೇನೂ ಉಳಿಯದಿದ್ದಾಗ, ಅದೇ ದಾರಿಯಲ್ಲಿ ಕಾಲೆಳೆದುಕೊಂಡು ಹೋಗುವವನನ್ನು ನಡೆಸುವುದು ಬೇರೆಯೇ ಒಂದು. ಪೋಪ್ ಕೇಳಿದ್ದು ಅದನ್ನು. 2025ರ ಜುಬಿಲಿಯ ಹೊತ್ತಿಗೆ ದಿನಗಳ ಷರತ್ತು ಉಳಿದಿರಲಿಲ್ಲ. ಪಾಪನಿವೇದನೆ, ಪರಮಪ್ರಸಾದ, ಪ್ರಾರ್ಥನೆಗಳ ಜತೆಗೆ ಪವಿತ್ರ ದ್ವಾರವನ್ನು ಒಮ್ಮೆ ದಾಟಿದರೆ ಸಾಕಾಗಿತ್ತು.

ಭಾರತದ ಸಂನ್ಯಾಸಿಗಳ ನಿಯಮ ಇದಕ್ಕೆ ನೇರ ಎದುರು. ಪರಿವ್ರಾಜಕನಾದವನು ಹಳ್ಳಿಯಲ್ಲಿ ಒಂದು ರಾತ್ರಿ, ನಗರದಲ್ಲಿ ಐದು ರಾತ್ರಿ ಮಾತ್ರ ಇರಬಹುದೆಂದು ಸಂನ್ಯಾಸ ಉಪನಿಷತ್ತುಗಳು ವಿಧಿಸುತ್ತವೆ. ಮಹಾವೀರನೂ ಮಳೆಗಾಲ ಬಿಟ್ಟು ಉಳಿದ ಎಂಟು ತಿಂಗಳು ಹೀಗೆಯೇ ಇದ್ದನೆಂದು ಕಲ್ಪಸೂತ್ರದಲ್ಲಿದೆ. ಮಳೆಗಾಲದಲ್ಲಿ ಹುಳುಹುಪ್ಪಟೆ, ಮೊಳಕೆ ಕಾಲಿಗೆ ಸಿಗುತ್ತವೆಂದು ಒಂದೆಡೆ ನಿಲ್ಲುವುದು. ಕರ್ನಾಟಕದ ಜೈನ ಮುನಿಗಳೂ ಮಠಗಳ ಸ್ವಾಮಿಗಳೂ ಇಂದಿಗೂ ಚಾತುರ್ಮಾಸ್ಯ ಹಿಡಿಯುತ್ತಾರೆ. ಉಳಿದ ಕಾಲದಲ್ಲಿ ಭಯ ಒಂದೇ: ಒಂದೇ ಮನೆಯ ಊಟ ನಾಲ್ಕು ದಿನ ಉಂಡರೆ ಐದನೆಯ ದಿನ ನಾಲಿಗೆ ಅದನ್ನೇ ಕಾಯುತ್ತದೆ. ಬೋನಿಫೇಸನದು ಕನಿಷ್ಠದ ಲೆಕ್ಕ, ಇಲ್ಲಿಯದು ಗರಿಷ್ಠದ್ದು. ಅವನಿಗೆ ಊರು ಮೈಗೆ ಹತ್ತಬೇಕಿತ್ತು, ಇವರಿಗೆ ಹತ್ತಬಾರದಿತ್ತು.

ಮೂರು ರಾತ್ರಿಯ ಪ್ರವಾಸಿ ಎರಡಕ್ಕೂ ಸಲ್ಲುವುದಿಲ್ಲ. ವಿರಕ್ತಿ ಅವನಿಗೆ ಬೇಕಿಲ್ಲ, ಕೈಯಲ್ಲಿ ಫೋನಿನ ಪಟ್ಟಿಯಿದೆ. ಹಾಗೆಂದು ಊರು ಹತ್ತುವಷ್ಟು ಹೊತ್ತೂ ಇಲ್ಲ. ಬೊರ್ಗೀಸೆ ಗ್ಯಾಲರಿಯಲ್ಲಂತೂ ಎರಡು ಗಂಟೆಯ ಸರದಿ. ಬರ್ನಿನಿಯ ಶಿಲ್ಪದಲ್ಲಿ ದಾಫ್ನೆ ಮರವಾಗುವುದನ್ನು ನೋಡುತ್ತ ನಿಂತವರೂ ಸಮಯ ಮುಗಿಯುತ್ತಲೇ ಹೊರಗೆ ಬರಬೇಕು.

ಒಂದೇ ಜಾಗಕ್ಕೆ ಮತ್ತೆ ಹೋಗುವುದೆಂದರೇನೆಂದು ತಿಳಿಯಲು ಪಂಥಿಯೋನ್ ಒಂದು ಸಾಕು. 43 ಮೀಟರ್ ಅಗಲದ ಗುಮ್ಮಟ. ನೆತ್ತಿಯಲ್ಲಿ ಮುಚ್ಚಳವಿಲ್ಲದ ದುಂಡು ಕಿಂಡಿ. ಬೇಸಿಗೆಯ ಬೆಳಿಗ್ಗೆ ಒಳಗೆ ಹೋದವರಿಗೆ ಬಿಸಿಲಿನ ಬಿಲ್ಲೆ ಬಲಗಡೆ ಕಾಣುತ್ತದೆ, ಮಧ್ಯಾಹ್ನ ಬಾಗಿಲ ಕಡೆಯ ನೆಲಕ್ಕಿಳಿಯುತ್ತದೆ, ಸಂಜೆಯ ಹೊತ್ತಿಗೆ ಎಡಗಡೆ ಗೋಡೆ ಹತ್ತುತ್ತದೆ. ಚಳಿಗಾಲದಲ್ಲಿ ನಡುಹಗಲೂ ಅದು ಗುಮ್ಮಟದಿಂದ ಕೆಳಗೆ ಇಳಿಯುವುದಿಲ್ಲ. ರೋಮಿನ ಹುಟ್ಟುಹಬ್ಬವೆನಿಸಿದ ಏಪ್ರಿಲ್ 21ರ ಮಧ್ಯಾಹ್ನ ನೇರ ಬಾಗಿಲಿಗೇ ಬೀಳುತ್ತದೆ. ಮಳೆ ಬಂದರೆ ಒಳಗೇ ಸುರಿಯುತ್ತದೆ. ನಡುವೆ ಹಗ್ಗ ಕಟ್ಟುತ್ತಾರೆ, ನೀರು ಅಮೃತಶಿಲೆಯ ನೆಲದಲ್ಲಿ ಕೊರೆದ ಸಣ್ಣ ತೂತುಗಳಲ್ಲಿ ಇಳಿದುಹೋಗುತ್ತದೆ. ಹತ್ತು ನಿಮಿಷದಲ್ಲಿ ಫೋಟೋ ತೆಗೆದು ಹೊರಟವನು ಕಂಡದ್ದು ಇದರಲ್ಲಿ ಒಂದನ್ನು ಮಾತ್ರ.

ಒಂದೇ ದಿನದಲ್ಲಿ ರೋಮ್ ಸಾಧ್ಯವೇ ಇಲ್ಲವೇ? ಸಂತ ಫಿಲಿಪ್ ನೇರಿ 1550ರ ದಶಕದಲ್ಲಿ ಜನರನ್ನು ಕಟ್ಟಿಕೊಂಡು, ಸುಮಾರು 20 ಕಿಲೋಮೀಟರ್ ದಾರಿಯುದ್ದಕ್ಕೂ ಹಾಡುತ್ತ ಏಳು ಚರ್ಚು ಸುತ್ತುತ್ತಿದ್ದ. ಮಧ್ಯೆ ತೋಟವೊಂದರಲ್ಲಿ ಬ್ರೆಡ್ಡು, ಮೊಟ್ಟೆ, ಚೀಸ್, ವೈನ್. ಕಾರ್ನಿವಲಿನ ಗದ್ದಲಕ್ಕೆ ಎದುರಾಗಿ ಅವನು ಹೂಡಿದ ಉಪಾಯ ಅದು, ಫಲಿಸಿತು ಕೂಡ. ಆದರೆ ದಿನದ ಯಾತ್ರೆ ರೂಪಿಸಿದ ಈ ಫ್ಲಾರೆನ್ಸಿಗ ಯೌವನದಲ್ಲಿ ರೋಮಿಗೆ ಬಂದವನು, 1595ರಲ್ಲಿ ಸಾಯುವವರೆಗೆ, ಅರವತ್ತು ವರ್ಷ, ಅಲ್ಲೇ ಉಳಿದ.

ರಜೆ ಅಳೆದು ತೂಗಿ ಬರುವ ಕನ್ನಡಿಗರಿಗೆ ಹದಿನೈದು ದಿನ ದುಬಾರಿ. ಉಪನಿಷತ್ತಿನ ಐದು ರಾತ್ರಿ ಹದವಾದ ಲೆಕ್ಕ. ಪೀಸಾ, ವೆನಿಸ್ ಕೈಬಿಟ್ಟರೂ ಚಿಂತೆಯಿಲ್ಲ. ಬೋನಿಫೇಸನ ಮಾತಿನಿಂದ ಇಷ್ಟು ಬೆರೆಸಿಕೊಳ್ಳಿ, ಐದರಲ್ಲಿ ಮೂರು ದಿನ ಒಂದೇ ಜಾಗಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ಇನ್ನೂ ಉಳಿಯುವ ಅನುಕೂಲವಿದ್ದವರಿಗೆ ಒಂದು ಮಾಹಿತಿ: ರೋಮ್ ನಗರಸಭೆ ಹೋಟೆಲಿನ ಅತಿಥಿಗಳಿಂದ ತಲೆಗಿಷ್ಟು ಎಂದು ವಸೂಲು ಮಾಡುವ ಪ್ರವಾಸಿ ತೆರಿಗೆ ಸತತ ಹತ್ತು ರಾತ್ರಿಗೆ ಮಾತ್ರ. ಹನ್ನೊಂದನೆಯ ರಾತ್ರಿಯಿಂದ ಕೊಡಬೇಕಿಲ್ಲ.