ದೇವರ ಮೀನು

ಗೊರೂರಿಗೆ ಹೋದಾಗ ಅರಕಲಗೂಡಿನ ಮೇಲೆ ರಾಮನಾಥಪುರಕ್ಕೂ ಹೋಗಿಬರುವುದು ನನ್ನ ರೂಢಿ. ಕಾವೇರಿಯ ಮೆಟ್ಟಿಲ ಮೇಲೆ ಕುಳಿತು ಹಿಡಿ ಪುರಿ ಚೆಲ್ಲಿದರೆ ವಹ್ನಿಪುಷ್ಕರಿಣಿಯ ಮೀನುಗಳು ನೀರೊಡೆದು ಬರುತ್ತವೆ. ಅವು ದೇವರ ಮೀನು, ಯಾರೂ ಹಿಡಿಯುವಂತಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಕೂಡ ಇದೇ ಕಟ್ಟಳೆ.

ಈ ಸಲ ಗೊರೂರಿಗೆ ಹಿಂದಿರುಗಿ, ಹೇಮಾವತಿ ಜಲಾಶಯದ ದಡದಲ್ಲಿ ಬಲೆ ಬಿಡಿಸುತ್ತಿದ್ದ ಮುದುಕನೊಬ್ಬನಿಗೆ ಆ ಮೀನುಗಳ ವೈಭವವನ್ನು ಬಣ್ಣಿಸಿದೆ. “ಇಲ್ಲೂ ಒಂದಿಷ್ಟು ಜಾಗ ಹಾಗೆ ಬಿಡಬಾರದೇ, ಯಜಮಾನರೇ?” ಎಂದೆ. ಅವನು ನಕ್ಕ. “ನೀವು ಪುರಿ ಹಾಕಿ ಪುಣ್ಯ ಕಟ್ಕಂಡ್ರಿ ಸ್ವಾಮಿ. ನಾನು ಬಲೆ ಬಿಟ್ರೆ ನಮ್ಮನೆ ಒಲೆ ಉರಿಯೋದೆಂಗೆ?”

ಈ ಪ್ರಶ್ನೆ ಹೊಳೆಯದಷ್ಟೇ ಅಲ್ಲ, ಸಮುದ್ರದ್ದೂ ಹೌದು. ನಮ್ಮ ಮುರುಡೇಶ್ವರದೆದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಹವಳವೆಂದರೆ ಬರಿಯ ಕಲ್ಲಲ್ಲ; ಸಣ್ಣ ಜೀವಿಗಳು ಸುಣ್ಣದಿಂದ ಕಟ್ಟಿಕೊಂಡ ಊರು. ಅವುಗಳ ಮರಿಗಳು ಹುಟ್ಟಿದಲ್ಲೇ ನಿಲ್ಲವು. ನೀರಿನ ಸೆಳವಿನಲ್ಲಿ ದಿನಗಟ್ಟಲೆ ತೇಲಿ ಬೇರೆಲ್ಲೋ ನೆಲೆಯೂರುತ್ತವೆ. ಆದ್ದರಿಂದ ಒಂದೇ ದಿಬ್ಬವನ್ನು ಕಾದರೆ ಸಾಲದು. ಒಂದರ ಸಂತಾನ ಇನ್ನೊಂದನ್ನು ಮುಟ್ಟುವಂತೆ, ಒಂದು ಹಾಳಾದರೆ ಇನ್ನೊಂದು ತುಂಬಿಕೊಡುವಂತೆ, ಕಾಪಿನ ತಾಣಗಳ ಸರಣಿಯನ್ನೇ ಹೆಣೆಯಬೇಕು. ಆಸ್ಟ್ರೇಲಿಯದವರು 2004ರಲ್ಲಿ ಹಾಗೆ ಮಾಡಿದರು. ತಮ್ಮ ಹವಳದ ಮಹಾದಿಬ್ಬದ ಪ್ರದೇಶವನ್ನು 70 ಬಗೆಯ ನೆಲೆಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ನೂರಕ್ಕೆ 20 ಭಾಗವನ್ನಾದರೂ ಬಲೆಯಿಂದ ಬಿಡಿಸಿದರು. ಒಟ್ಟಿನಲ್ಲಿ, ಹಿಂದೆ ನೂರಕ್ಕೆ 5ನ್ನೂ ಮುಟ್ಟದಿದ್ದ ಕಾಪು 33ಕ್ಕೇರಿತು. ನಷ್ಟವಾದ ಮೀನುಗಾರರಿಗೆ ಸರ್ಕಾರ ಪರಿಹಾರವನ್ನೂ ಕೊಟ್ಟಿತು.

ಇದರ ಮುಂದೆ ನಮ್ಮ ದೇವರ ಮಡುಗಳನ್ನಿಟ್ಟು ನೋಡಿದೆ. ಹಿರಿಯರ ಭಕ್ತಿ ದೊಡ್ಡದು. ಆದರೆ ಅದು ಮಡುವನ್ನು ಕಾಯಿತು, ದಾರಿಯನ್ನಲ್ಲ. ಮಳೆಗಾಲದ ಹೊಸನೀರಿಗೆ ಎಷ್ಟೋ ಜಾತಿಯ ಮೀನುಗಳು ಮೊಟ್ಟೆಯಿಡಲು ಹೊಳೆಯೆದುರು ಹತ್ತುತ್ತವೆ. ಮಡುವಿನ ಎಲ್ಲೆ ದಾಟಿದೊಡನೆ ಅವು ದೇವರವಲ್ಲ. ಗೊರೂರಿನಲ್ಲಂತೂ 1979ರಿಂದ ಅಣೆಕಟ್ಟೇ ಅಡ್ಡ ನಿಂತಿದೆ. ನಾನು ಚೆಲ್ಲಿದ ಪುರಿಯ ಭತ್ತ ಅದೇ ಅಣೆಕಟ್ಟಿನ ನಾಲೆಯ ನೀರಿನಲ್ಲಿ ಬೆಳೆದಿದ್ದರೂ ಬೆಳೆದಿರಬಹುದು!

ಅಣೆಕಟ್ಟು ಬೇಡವೆಂದು ನಾನು ಹೇಳಲಾರೆ. ಅದರ ಅನ್ನ ಉಂಡವನು. ಆದರೆ ಹೊಳೆಗೆ ಅಡ್ಡಲಾಗಿ ಗೋಡೆ ಕಟ್ಟಿಸಿಕೊಂಡವರು ನಾವು, ಬಲೆ ಬಿಡೆಂದು ಹೇಳುವುದು ಅವನಿಗೆ. ಸಮುದ್ರದಲ್ಲೂ ಅಷ್ಟೆ. 2016ರಲ್ಲಿ ನೀರು ಕಾದು ಆಸ್ಟ್ರೇಲಿಯದ ಹವಳ ಬಿಳಿಚಿಕೊಂಡಾಗ ಕಾಪಿನೊಳಗಿದ್ದುದೂ ಪಾರಾಗಲಿಲ್ಲ. ಆ ಕಾವು ಬಲೆಯದಲ್ಲ. ನಮ್ಮ ಮೋಟಾರುಗಳದು, ಕಾರ್ಖಾನೆಗಳದು, ವಿದ್ಯುದ್ದೀಪಗಳದು.

ಕಾಪು ಬೇಕು, ಸರಣಿಯಾಗಿಯೇ ಬೇಕು. ಇದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಇನ್ನೊಬ್ಬನ ಕೈಯಿಂದ ಬಿಡಿಸಿದ್ದು ನನ್ನ ತ್ಯಾಗವಾಗದು. ಬಲೆ ಬಿಡೆನ್ನುವವನು ತಾನೂ ಏನನ್ನಾದರೂ ಬಿಡಬೇಕು. ಕಡೆಗೆ ಬಲೆ ಬಿಟ್ಟವನ ಒಲೆಗೆ ತನ್ನ ಪಾಲಿನ ಸೌದೆಯನ್ನಾದರೂ ಹೊರಬೇಕು.

ಆ ದಿನ ಮುದುಕನಿಗೆ ನಾನು ಉತ್ತರ ಕೊಡಲಿಲ್ಲ. ಜೇಬಿನಲ್ಲಿ ಉಳಿದಿದ್ದ ಪುರಿಯನ್ನು ಅವನೆದುರು ನೀರಿಗೆ ಚೆಲ್ಲಲು ನಾಚಿಕೆಯಾಗಿ, ಹಾಗೆಯೇ ಊರಿಗೆ ತಂದೆ.