ಮೂಲೆ ಸವೆದ ಕ್ಯಾಮೆರಾ

ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದ ಮೇಲೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ಸಾಲು ನಾಟಕ ಕಂಪನಿಗಳು, ಕಟ್ಟಿಗೆಯ ಬಾಗಿಲು ಚೌಕಟ್ಟುಗಳು, ಬಳೆ, ಮಿಠಾಯಿ. ಇಂಥ ಜಾತ್ರೆಗಳಲ್ಲಿ ಹಿಂದೆ ಫೋಟೊ ಅಂಗಡಿಯೂ ಇರುತ್ತಿತ್ತು. ಬಣ್ಣದ ಪರದೆಯ ಮುಂದೆ ಹೊಸ ಇಳಕಲ್ ಸೀರೆ ಉಟ್ಟು ನಿಂತ ಅಜ್ಜಿಯ ಚಿತ್ರ ನಮ್ಮಲ್ಲಿ ಅನೇಕರ ಗೋಡೆಯ ಮೇಲಿದೆ. ಅದನ್ನು ತೆಗೆದಂಥ ಕ್ಯಾಮೆರಾಗಳು ಮಾತ್ರ ಅಟ್ಟ ಸೇರಿದವು. ಈಗ ಮೊಮ್ಮಕ್ಕಳು ಅವನ್ನು ಕೆಳಗಿಳಿಸಿ, ಹೊಸದರಂತೆ ಮಾಡಬೇಕೆಂದು ಹೊರಟಿದ್ದಾರೆ. ಸಂತೋಷದ ವಿಷಯವೇ.

ಕೆಲಸವೇನೋ ಕಠಿಣವಲ್ಲ, ತಾಳ್ಮೆ ಬೇಕು ಅಷ್ಟೆ. ಹೊದಿಸಿದ ಚರ್ಮ ಅಲ್ಲಲ್ಲಿ ಉಬ್ಬಿದ್ದರೆ ಒಳಗಿನ ಹಿತ್ತಾಳೆ ಮೊಳೆಗೆ ಹಸಿರು ಕಿಲುಬು ಹಿಡಿದಿರಬಹುದು. ಚರ್ಮವನ್ನು ಮೆಲ್ಲಗೆ ಎಬ್ಬಿಸಿ ಕಿಲುಬು ಕೆರೆದು ಮತ್ತೆ ಅಂಟಿಸಬೇಕು. 1970ರ ದಶಕದ ಜಪಾನಿ ಕ್ಯಾಮೆರಾಗಳಲ್ಲಿ ಬೆಳಕು ನುಸುಳದಂತೆ ಹಿಂಬದಿಯ ಮುಚ್ಚಳಕ್ಕೆ ಸ್ಪಂಜು ಹಚ್ಚುತ್ತಿದ್ದರು. ಅದು ಈಗ ಕರಗಿ ಜಿಗಟಾಗಿರುತ್ತದೆ. ಅದನ್ನು ಸ್ಪಿರಿಟ್‌ನಿಂದ ಒರೆಸಿ ತೆಗೆದು ಹೊಸದು ಹಚ್ಚಬೇಕು. ಅದೇ ಸ್ಪಿರಿಟ್ ಹೊರಗಿನ ಬಣ್ಣಕ್ಕೆ ತಗಲಿದರೆ ಬಣ್ಣವೇ ಎದ್ದು ಬರಬಹುದು, ಎಚ್ಚರ.

ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಮುಂದೆ ಮೂಲೆಗಳಿಗೆ ಕಪ್ಪು ಬಣ್ಣ ಬಳಿಯಲು ಕುಂಚ ಎತ್ತಿದಾಗ ಸ್ವಲ್ಪ ತಡೆಯಿರಿ ಎನ್ನುತ್ತೇನೆ. ಕಿಲುಬು ರೋಗ, ಬಿಟ್ಟರೆ ಹರಡುತ್ತದೆ. ಸವಕಳಿ ರೋಗವಲ್ಲ. ಒಬ್ಬ ದುಡಿಮೆಗಾರನ ಹೆಬ್ಬೆರಳು ವರ್ಷಗಟ್ಟಲೆ ಅಲ್ಲೇ ಊರಿದ್ದರಿಂದ ಬಣ್ಣ ಹೋಗಿ ಲೋಹ ಕಂಡಿದೆ. ಆ ಬೆರಳು ಒಂದು ಸಂಸಾರವನ್ನು ಸಾಕಿದೆ. ಹಳೆಯ ಕಪ್ಪು ಲೈಕಾ ಕ್ಯಾಮೆರಾಗಳಲ್ಲಿ ಹೀಗೆ ಇಣುಕುವ ಹಿತ್ತಾಳೆಯನ್ನು ಸಂಗ್ರಾಹಕರು ಮೆಚ್ಚಿ ಕೊಳ್ಳುತ್ತಾರೆ. ನಮ್ಮ ಕಡೆಯ ಕ್ಯಾಮೆರಾಗಳಲ್ಲಿ ಇನ್ನೊಂದು ಗುರುತೂ ಸಿಗಬಹುದು: ಖಂಡೇಪೂಜೆಯ ಕುಂಕುಮ, ಸ್ಕ್ರೂ ತಲೆಯ ಸೀಳಿನಲ್ಲಿ ಕೂತುಬಿಟ್ಟದ್ದು. ನಾನಾದರೆ ಅದನ್ನು ಕೆದಕುವುದಿಲ್ಲ. ಹತ್ತಿರದ ಬಾದಾಮಿಯನ್ನೇ ನೋಡಿ. ಮಂಗಳೇಶನ ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಚಾಲುಕ್ಯರ ವರ್ಣಚಿತ್ರಗಳ ಕುರುಹು ಇಂದಿಗೂ ಉಳಿದಿದೆ. ಮಾಸಿದೆ ಎಂದು ಯಾರಾದರೂ ಅದರ ಮೇಲೆ ಆಯಿಲ್ ಪೇಂಟ್ ಬಳಿದರೆ ನಾವು ಸುಮ್ಮನಿರುತ್ತೇವೆಯೆ?

ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಇನ್ನೊಂದಿದೆ. ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್-3 ನಿಮ್ಮ ಮನೆಯಲ್ಲೂ ಇರಬಹುದು. ಒಂದು ರೋಲಿಗೆ ಹನ್ನೆರಡು ಚಿತ್ರ ತೆಗೆಯುತ್ತಿದ್ದ ಅದರ ಬೆನ್ನಿಗೆ ಪುಟ್ಟದೊಂದು ಕೆಂಪು ಕಿಟಕಿಯಿದೆ. ಅದರಲ್ಲಿ ಅಂಕಿಯೊಂದು ಕಂಡರೆ ರೋಲ್ ಇನ್ನೂ ಒಳಗೇ ಇದೆ ಎಂದರ್ಥ. ಮುಚ್ಚಳ ತೆರೆಯಬೇಡಿ. ತಿರುಗಣಿಯನ್ನು ಕೊನೆಯವರೆಗೂ ಸುತ್ತಿ, ಕತ್ತಲೆಯಲ್ಲಿ ರೋಲ್ ಹೊರತೆಗೆದು, ಕಪ್ಪು-ಬಿಳುಪು ಫಿಲ್ಮ್ ತೊಳೆದುಕೊಡುವವರಿಗೆ ಕಳಿಸಿ. ಬೆಂಗಳೂರಿನಂಥ ಊರುಗಳಲ್ಲಿ ಅಂಥವರು ಈಗಲೂ ಇದ್ದಾರೆ. ದಶಕಗಳು ಕಳೆದರೂ ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಉಳಿದಿರುವ ಸಾಧ್ಯತೆ ಇದೆ. ಮೂಡಿ ಬಂದ ಮುಖ ಯಾರದೆಂದು ಮನೆಯ ಹಿರಿಯರನ್ನು ಕೇಳಿ, ಹೆಸರನ್ನು ಫೋಟೊದ ಹಿಂದೆ ಬರೆದಿಡಿ. ಸ್ಪಿರಿಟ್ ಬಾಟಲಿಯ ಮುಚ್ಚಳ ಆಮೇಲೆ ತೆಗೆದರಾಯಿತು.