ಉಪಕರಣ ಮತ್ತು ಪರಿಗ್ರಹ: ಒಬ್ಬ ಛಾಯಾಗ್ರಾಹಕನ ಪ್ರಶ್ನೆ

ಗೃಹಸ್ಥನಿಗೆ ವಿಧಿಸಿದ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹ ಪರಿಮಾಣವು ಉಳಿದ ನಾಲ್ಕಕ್ಕಿಂತ ಒಂದು ವಿಷಯದಲ್ಲಿ ಭಿನ್ನವಾಗಿದೆ. ಹಿಂಸೆ, ಅಸತ್ಯ, ಚೌರ್ಯಗಳ ವಿಷಯದಲ್ಲಿ ಬಿಡಬೇಕಾದದ್ದು ಯಾವುದೆಂಬುದನ್ನು ಶಾಸ್ತ್ರವೇ ಹೇಳುತ್ತದೆ. ಎಷ್ಟು ಇಟ್ಟುಕೊಳ್ಳಬೇಕೆಂಬ ಮಿತಿಯನ್ನು ಮಾತ್ರ ವ್ರತ ಹಿಡಿದವನೇ ಗೊತ್ತುಮಾಡಿಕೊಳ್ಳಬೇಕು. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾಗಿ ಹತ್ತು ಬಗೆಯ ಬಾಹ್ಯ ಪರಿಗ್ರಹಗಳನ್ನು ಆಚಾರ್ಯರು ಎಣಿಸಿದ ಕಾಲದಲ್ಲಿ ಕ್ಯಾಮೆರಾ ಇರಲಿಲ್ಲ. ಇದ್ದಿದ್ದರೆ ಅದನ್ನು ಎಲ್ಲಿ ಸೇರಿಸುತ್ತಿದ್ದರು ಎಂಬ ಪ್ರಶ್ನೆ ವಿನೋದದ್ದೆಂದು ತೋರಿದರೂ, ಆ ವೃತ್ತಿಯಿಂದ ಜೀವಿಸುವವನಿಗೆ ಅದು ವಿನೋದವಲ್ಲ.

ಬೆಳಗಾವಿ ನಗರದಲ್ಲಿ ಸ್ಟುಡಿಯೊ ಇಟ್ಟುಕೊಂಡಿರುವ ಒಬ್ಬ ಶ್ರಾವಕನನ್ನು ಭಾವಿಸಿಕೊಳ್ಳಬಹುದು. ತುಳಸೀ ವಿವಾಹದಿಂದ ಹಿಡಿದು ಜ್ಯೇಷ್ಠದವರೆಗೆ ಶಹಾಪುರ, ಟಿಳಕವಾಡಿ, ಅನಗೋಳಗಳ ಕಡೆಯ ಮದುವೆಗಳೇ ಆತನ ಜೀವನೋಪಾಯ. ಬಿಡುವು ದೊರೆತ ದಿನ ಸುಮಾರು 25 ಕಿ.ಮೀ. ದೂರದ ಖಾನಾಪುರಕ್ಕೂ, ಅಲ್ಲಿಂದಾಚೆ ಜಾಂಬೋಟಿ, ಕಣಕುಂಬಿಗಳ ಕಾಡಿನ ಅಂಚಿಗೂ ಹೋಗಿ ಹಕ್ಕಿಗಳನ್ನು ಚಿತ್ರಿಸುವುದು ಆತನ ಪ್ರೀತಿ. ಇರುವುದು ಒಂದೇ ಕ್ಯಾಮೆರಾ ಬಾಡಿ, ಎರಡು ಲೆನ್ಸು. ಈ ವರ್ಷ ಒಂದು ವಸ್ತುವನ್ನು ಮಾತ್ರ ಕೊಳ್ಳುವೆನೆಂದು ಆತ ನಿಯಮ ಮಾಡಿಕೊಂಡಿದ್ದಾನೆ. ಈಗಿರುವ ಬಾಡಿ ಕೈಕೊಟ್ಟರೆ ಇರಲೆಂದು ಇನ್ನೊಂದನ್ನು ಕೊಳ್ಳಬೇಕೆ? ಅಥವಾ ದೂರದ್ದನ್ನು ಹತ್ತಿರಕ್ಕೆ ತರುವ ಹೊಸ ಲೆನ್ಸನ್ನೆ?

ವ್ಯಾಪಾರಿಯ ಲೆಕ್ಕ ನೇರವಾಗಿದೆ. ಬಾಡಿ ಬೇಗ ಹಳೆಯದಾಗುತ್ತದೆ. ನಾಲ್ಕಾರು ವರ್ಷಗಳಲ್ಲಿ ಅದರ ಬೆಲೆ ಕುಸಿಯುತ್ತದೆ. ಒಳ್ಳೆಯ ಲೆನ್ಸು ಎರಡು ಮೂರು ಬಾಡಿಗಳನ್ನು ದಾಟಿ ಬಾಳುತ್ತದೆ. ಅಲ್ಲದೆ ಎರಡನೆಯ ಬಾಡಿ ಚೀಲದಲ್ಲಿ ಸುಮ್ಮನೆ ಮಲಗಿರುವ ವಸ್ತು, ಲೆನ್ಸಾದರೋ ಕೊಂಡ ದಿನದಿಂದಲೇ ದುಡಿಯುತ್ತದೆ. ಅಪರಿಗ್ರಹದ ಮಾತನ್ನು ಅವಸರದಲ್ಲಿ ಕೇಳಿದವನೂ ಇದೇ ತೀರ್ಮಾನಕ್ಕೆ ಬಂದಾನು: ಉಪಯೋಗವಿಲ್ಲದೆ ಬಿದ್ದಿರುವುದೇ ಸಂಗ್ರಹ, ಉಪಯೋಗಕ್ಕೆ ಬರುವುದು ಉಪಕರಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹವನ್ನು ಹೆಸರಿಸಿಯೇ ಇದ್ದಾರಲ್ಲವೆ?

ಆದರೆ ಈ ಲೆಕ್ಕದಲ್ಲಿ ಮದುವೆಯ ಮನೆಯವರು ಎಲ್ಲಿಯೂ ಕಾಣಿಸುವುದಿಲ್ಲ. ಕ್ಯಾಮೆರಾದ ಯಾಂತ್ರಿಕ ಶಟರಿಗೆ ಒಂದು ಆಯುಷ್ಯವುಂಟು. ತಯಾರಕರು ಸಾಮಾನ್ಯವಾಗಿ ಒಂದರಿಂದ ಎರಡು ಲಕ್ಷ ಸಲವೆಂದು ಅಂದಾಜು ಹೇಳುತ್ತಾರೆ. ಒಂದು ಮದುವೆಗೆ 2,500 ಚಿತ್ರಗಳಂತೆ ವರ್ಷಕ್ಕೆ 40 ಮದುವೆಗಳಾದರೆ ಒಂದೇ ವರ್ಷದಲ್ಲಿ ಒಂದು ಲಕ್ಷ ಮುಟ್ಟುತ್ತದೆ. ಈಚಿನ ಕ್ಯಾಮೆರಾಗಳಲ್ಲಿ ಎರಡು ಕಾರ್ಡುಗಳ ಏರ್ಪಾಡಿರುವುದು ನಿಜ. ಅದು ಕಾರ್ಡು ಕೆಟ್ಟಾಗಿನ ರಕ್ಷಣೆಯೇ ಹೊರತು ಕ್ಯಾಮೆರಾವೇ ನಿಂತಾಗಿನದಲ್ಲ. ಈ ಸೀಮೆಯಲ್ಲಿ ಅಕ್ಕಿಕಾಳು ಬೀಳುವುದು ಗೊತ್ತಾದ ಮುಹೂರ್ತದಲ್ಲಿ, ಕೆಲವೇ ನಿಮಿಷ. ಆಗ ಯಂತ್ರ ನಿಂತರೆ ಮುಂಗಡವನ್ನು ಹಿಂದಿರುಗಿಸಬಹುದು, ಮುಹೂರ್ತವನ್ನು ಹಿಂದಿರುಗಿಸಲಾಗದು. ಮೊಮ್ಮಗಳ ಮದುವೆಗೆಂದು ಹಳ್ಳಿಯಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಿ ಮುಂದಿನ ಮದುವೆಯವರೆಗೆ ಇರುವಳೆಂದು ಯಾರೂ ಹೇಳಲಾರರು.

ಆದ್ದರಿಂದ ಈ ಪ್ರಶ್ನೆ ಐದನೆಯ ವ್ರತಕ್ಕೆ ಬರುವ ಮುನ್ನ ಎರಡನೆಯದನ್ನೂ ಮೂರನೆಯದನ್ನೂ ಹಾದು ಬರಬೇಕಾಗುತ್ತದೆ. ಮುಂಗಡ ಪಡೆಯುವಾಗ ಛಾಯಾಗ್ರಾಹಕನು ಚಿತ್ರಗಳನ್ನು ಕೊಡುವೆನೆಂದು ಮಾತು ಕೊಡುತ್ತಾನೆ. ಯಂತ್ರ ಕೆಡದಿದ್ದರೆ ಕೊಡುವೆನೆಂದು ಹೇಳುವುದಿಲ್ಲ. ಒಂದೇ ಬಾಡಿಯನ್ನು ನಂಬಿ ಆ ಮಾತನ್ನು ಕೊಡುವವನು ತನ್ನ ಉಳಿತಾಯದ ಅಪಾಯವನ್ನು ಇನ್ನೊಬ್ಬರ ತಲೆಯ ಮೇಲೆ, ಅವರಿಗೆ ತಿಳಿಸದೆ, ಇಡುತ್ತಾನೆ. ಇದನ್ನು ಚೌರ್ಯವೆನ್ನುವುದು ಕಠಿಣವಾದೀತು. ಆದರೂ ಅದರ ನೆರೆಯಲ್ಲಿಯೇ ಇರುವ ಮನೆ ಇದು. ತನ್ನಲ್ಲಿ ಒಂದೇ ಯಂತ್ರವಿದೆಯೆಂದು ಮೊದಲೇ ತಿಳಿಸಿ ಹಣ ಕಡಿಮೆ ಮಾಡಿಕೊಂಡವನ ಮೇಲೆ ಈ ಆಕ್ಷೇಪವಿಲ್ಲ. ಹಾಗೆ ಹೇಳುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಇನ್ನು ಖಾನಾಪುರದ ಕಡೆ ನೋಡಬೇಕು. 2011ರಲ್ಲಿ ಭೀಮಗಡ ವನ್ಯಜೀವಿಧಾಮವಾಗಿ ಘೋಷಿತವಾದ, ಸುಮಾರು 190 ಚದರ ಕಿ.ಮೀ. ವಿಸ್ತಾರದ ಅರಣ್ಯ ಈ ತಾಲೂಕಿನಲ್ಲಿದೆ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ, ಮಹದಾಯಿಯ ಮೂಲವೂ ಇದೇ ಕಾಡಿನ ಮಡಿಲಲ್ಲಿ. ಇಲ್ಲಿ ಚಿತ್ರ ಸಿಗದಿದ್ದರೆ ನಷ್ಟ ಯಾರಿಗೆ? ಹಕ್ಕಿಗಂತೂ ಅಲ್ಲ. ಯಾರಿಗೂ ಮಾತು ಕೊಟ್ಟಿಲ್ಲ, ಯಾರೂ ಕಾಯುತ್ತ ಕುಳಿತಿಲ್ಲ. ಬರಿಗೈಯಲ್ಲಿ ಮರಳಿದರೆ ಬರಿದಾಗುವುದು ಆತನ ಆಸೆಯೊಂದೇ.

ಲೆನ್ಸಿನ ಪರವಾಗಿ ಹೇಳಬಹುದಾದ ಬಲವಾದ ಮಾತೊಂದು ಇಲ್ಲಿಯೇ ಇದೆ, ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಉದ್ದದ ಲೆನ್ಸು ಇದ್ದವನು ದೂರ ನಿಲ್ಲಬಲ್ಲ. ದೂರ ನಿಂತವನಿಂದ ಪ್ರಾಣಿಗೆ ಭಯ ಕಡಿಮೆ. ಹಾಗಾದರೆ ಲೆನ್ಸೇ ಅಹಿಂಸೆಯ ಉಪಕರಣವಾಗಬಾರದೇಕೆ? ಮಂಗಟ್ಟೆ ಹಕ್ಕಿಯನ್ನು ನೆನೆದರೆ ಈ ವಾದದ ಬಲವೂ ಮಿತಿಯೂ ಎರಡೂ ಕಾಣುತ್ತವೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕುಳಿತು ಬಾಗಿಲನ್ನು ಮೆತ್ತಿಕೊಂಡು ಕಿರಿದಾದ ಸೀಳನ್ನಷ್ಟೇ ಉಳಿಸಿಕೊಳ್ಳುತ್ತದೆ. ವಾರಗಟ್ಟಲೆ ಅದಕ್ಕೂ ಮರಿಗೂ ಗಂಡೇ ಹಣ್ಣು ತಂದು ಉಣಿಸಬೇಕು. ಗೂಡಿನ ಬಳಿ ಮನುಷ್ಯರನ್ನು ಕಂಡ ಗಂಡು ಹತ್ತಿರ ಬಾರದೆ ಬೇರೆ ಕೊಂಬೆಯಲ್ಲಿ ಕಾಯುತ್ತದೆ. ಹೊರಗಿರುವವನಿಗೆ ಅದು ಅರ್ಧ ಗಂಟೆಯ ತಾಳ್ಮೆ, ಒಳಗಿರುವವರಿಗೆ ಹಸಿವು. ಮೂವತ್ತು ಹೆಜ್ಜೆ ಹಿಂದೆ ಸರಿಯಲು ಲೆನ್ಸು ನೆರವಾದರೆ ಒಳ್ಳೆಯದೇ. ಆದರೆ ಹಿಂದೆ ಸರಿಯುವವನು ಮನುಷ್ಯ, ಲೆನ್ಸಲ್ಲ. 200 ಮಿ.ಮೀ. ಲೆನ್ಸಿನಲ್ಲಿ ಹಕ್ಕಿ ಚೌಕಟ್ಟು ತುಂಬುವವರೆಗೆ ಮುಂದೆ ಹೋಗುತ್ತಿದ್ದವನು 500 ಮಿ.ಮೀ. ಸಿಕ್ಕಾಗ ಕಣ್ಣಿನ ಪೊರೆಯೂ ಕಾಣಬೇಕೆಂದು ಮತ್ತೆ ಮುಂದೆ ಹೋಗುತ್ತಾನೆ. ಗೂಡಿನ ಬಳಿಗೆ ಹೋಗಲೇಬಾರದೆಂಬ ನಿಯಮ ಉಳ್ಳವನಿಗೆ ಇರುವ ಲೆನ್ಸೇ ಸಾಕು. ಆ ನಿಯಮ ಇಲ್ಲದವನಿಗೆ ಯಾವ ಲೆನ್ಸೂ ಸಾಲದು. ಭೀಮಗಡದ ಬಾರಾಪೇಡೆ ಗುಹೆಗಳಲ್ಲಿರುವ ಅಪರೂಪದ ರಾಟನ್ ಬಾವಲಿಯ ಮಟ್ಟಿಗಂತೂ, ಯಾವ ಉಪಕರಣವನ್ನೂ ಒಳಗೆ ಒಯ್ಯದಿರುವುದೇ ಸರಿ. ಜಗತ್ತಿನಲ್ಲಿ ಬಹುಕಾಲ ಅದೊಂದೇ ತಾಣದಿಂದ ತಿಳಿದಿದ್ದ ಜೀವಿ ಅದು.

ಮುಂಜಾಗ್ರತೆಗಾಗಿ ಇಟ್ಟುಕೊಂಡದ್ದೆಲ್ಲ ಪರಿಗ್ರಹವೆ ಎಂಬ ಪ್ರಶ್ನೆಗೆ ಇದೇ ಖಾನಾಪುರ ತಾಲೂಕಿನ ಹಲಸಿಯಲ್ಲಿ ಹಳೆಯ ಉತ್ತರವೊಂದು ದೊರೆಯುತ್ತದೆ. ಕದಂಬರ ಕಾಲದಲ್ಲಿ ಪಲಾಶಿಕೆಯೆನಿಸಿದ್ದ ಆ ಊರಿನಲ್ಲಿ ಮೃಗೇಶವರ್ಮನು ಜಿನಾಲಯವನ್ನು ಕಟ್ಟಿಸಿದನು. ಆತನ ಮಗ ರವಿವರ್ಮನ ತಾಮ್ರಶಾಸನವು ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳ ಪೋಷಣೆಗೆ ಏರ್ಪಾಡು ಮಾಡಿದುದನ್ನು ಹೇಳುತ್ತದೆ. ಬರಲಿರುವ ಮಳೆಗಾಗಿ ಮೊದಲೇ ತೆಗೆದಿಟ್ಟದ್ದು ಅದು, ಉಳಿದ ಎಂಟು ತಿಂಗಳು ಆ ಕೆಲಸಕ್ಕೆ ಬೇಡವಾದದ್ದು. ಅದನ್ನು ಯಾರೂ ಅತಿಸಂಗ್ರಹವೆಂದಿಲ್ಲ, ಏಕೆಂದರೆ ಅದು ಇನ್ನೊಬ್ಬರ ಹಸಿವಿಗಾಗಿ ಕಾದಿರಿಸಿದ್ದು. ಚೀಲದಲ್ಲಿ ಮಲಗಿರುವ ಎರಡನೆಯ ಬಾಡಿಯೂ, ಪ್ರಮಾಣದಲ್ಲಿ ಅತ್ಯಲ್ಪವಾದರೂ, ಈ ಜಾತಿಯದೇ. ಸುಮ್ಮನಿರುವುದೇ ಅದರ ಕೆಲಸ. ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಮೂರ್ಛೆಯಲ್ಲಿ, ಅಂದರೆ ಮನಸ್ಸು ವಸ್ತುವಿಗೆ ಅಂಟಿಕೊಂಡು ಎಚ್ಚರ ತಪ್ಪುವುದರಲ್ಲಿ, ಗುರುತಿಸಿದರು. ಮುನಿಯ ಕೈಯಲ್ಲಿರುವ ಪಿಂಛಿ, ಕಮಂಡಲುಗಳು ಸಂಯಮಕ್ಕೂ ಶೌಚಕ್ಕೂ ಉಪಕರಣಗಳೆನಿಸುವುದು ಆ ದೃಷ್ಟಿಯಿಂದಲೇ. ಬ್ಯಾಕಪ್ ಬಾಡಿಯನ್ನು ರಾತ್ರಿ ಹೊತ್ತು ಹೊರತೆಗೆದು ಸಂತೋಷಪಡುವವರು ವಿರಳ. ಹೊಸ ಲೆನ್ಸಿನ ವಿಷಯದಲ್ಲಿ ಹಾಗೆ ಹೇಳಲು ಬಾರದು.

ಹಾಗೆಂದು ಬಾಡಿಯ ದಾರಿಯಲ್ಲಿ ಅಪಾಯವಿಲ್ಲವೆಂದಲ್ಲ. ಅಲ್ಲಿ ಕಾದಿರುವುದು ಲೋಭವಲ್ಲ, ಭಯ. ಎರಡನೆಯದು ಕೆಟ್ಟರೆ ಎಂದು ಮೂರನೆಯದು, ಕಾರ್ಡಿಗೆ ಇನ್ನೊಂದು ಕಾರ್ಡು, ಫ್ಲಾಶಿಗೆ ಇನ್ನೊಂದು ಫ್ಲಾಶು. ಭಯವೂ ಹದಿನಾಲ್ಕು ಆಂತರಿಕ ಪರಿಗ್ರಹಗಳಲ್ಲಿ ಒಂದೆಂದು ಎಣಿಸಲ್ಪಟ್ಟಿದೆ ಎಂಬುದನ್ನು ಮರೆಯಲಾಗದು. ಪಶ್ಚಿಮಘಟ್ಟದ ಮಗ್ಗುಲಿನ ಈ ಊರಿನಲ್ಲಿ ಮಳೆಗಾಲದ ತೇವಕ್ಕೆ ಬೀರುವಿನಲ್ಲಿಟ್ಟ ಗಾಜಿಗೆ ಬೂಷ್ಟು ಹಿಡಿಯುವುದು ಎಲ್ಲ ಸ್ಟುಡಿಯೊಗಳವರಿಗೂ ಗೊತ್ತು. ಬೂಷ್ಟು ಹಿಡಿದ ಆಹಾರವನ್ನು ಜೀವದಯೆಯಿಂದ ಮುಟ್ಟದವನು, ತಾನು ಬಳಸದೆ ಇಟ್ಟ ಲೆನ್ಸಿನ ಮೇಲೆ ಬೆಳೆದ ಬೂಷ್ಟನ್ನು ಒರೆಸಿ ತೆಗೆಯಬೇಕಾಗುತ್ತದೆ. ಅನಗತ್ಯ ವಸ್ತುವಿನಿಂದ ಅನಗತ್ಯ ಹಿಂಸೆ ಹುಟ್ಟುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. (ಫಿಲ್ಮಿನ ದಿನಗಳಲ್ಲಿ ಜೈನ ಛಾಯಾಗ್ರಾಹಕನ ಸಂಕಟ ಇನ್ನೂ ಹೆಚ್ಚಿತ್ತು, ಫಿಲ್ಮಿನ ಲೇಪಕ್ಕೆ ಬಳಸುವ ಜಿಲಾಟಿನ್ನು ಪ್ರಾಣಿಗಳ ಎಲುಬು, ತೊಗಲುಗಳಿಂದ ಬರುವಂಥದು. ಡಿಜಿಟಲ್ ಯಂತ್ರ ಆ ಭಾರವನ್ನಾದರೂ ಇಳಿಸಿದೆ.)

ಲೆನ್ಸು ಯಾವಾಗಲೂ ಆಸೆ, ಬಾಡಿ ಯಾವಾಗಲೂ ಕರ್ತವ್ಯ ಎಂದು ಗೆರೆ ಎಳೆಯುವುದೂ ತಪ್ಪಾದೀತು. ಮಂದ ಬೆಳಕಿನ ಮಂಗಲ ಕಾರ್ಯಾಲಯದಲ್ಲಿ ಇರುವ ಲೆನ್ಸು ಮುಖಗಳನ್ನು ಮಸುಕಾಗಿಸುತ್ತಿದ್ದರೆ, ಹೆಚ್ಚು ಬೆಳಕು ಹಿಡಿಯುವ ಲೆನ್ಸು ಕೊಟ್ಟ ಮಾತಿನ ಭಾಗವೇ ಆಗುತ್ತದೆ. ಅದೇ ಮಂದ ಬೆಳಕು ಕೋಟೆಯ ಕಮಲ ಬಸದಿಯಲ್ಲಿಯೂ ಇದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಆ ಬಸದಿಯ ಛತ್ತಿನ ಕಮಲವನ್ನು ಚಿತ್ರಿಸಲು ದುಬಾರಿ ಲೆನ್ಸು ಬೇಕಿಲ್ಲ. ಕಲ್ಲು ಓಡಿಹೋಗುವುದಿಲ್ಲ, ಅನುಮತಿ ಪಡೆದು ತ್ರಿಪಾದಿಯ ಮೇಲೆ ಕ್ಯಾಮೆರಾ ಇಟ್ಟು ಶಟರನ್ನು ಕೆಲವು ಕ್ಷಣ ತೆರೆದರಾಯಿತು. ಒಂದೇ ಲೆನ್ಸು ಕಾರ್ಯಾಲಯದಲ್ಲಿ ಉಪಕರಣ, ಬಸದಿಯಲ್ಲಿ ಆಡಂಬರ.

ಮೇಲೆ ಹೇಳಿದ ಶ್ರಾವಕನ ಮಟ್ಟಿಗೆ, ಆತ ಬಯಸುತ್ತಿರುವುದು ಹಕ್ಕಿಯ ಲೆನ್ಸಾದ್ದರಿಂದ, ಉತ್ತರ ಬಾಡಿಯ ಕಡೆಗೇ ಇದೆ. ಅದು ಹೊಸದಾಗಿರಬೇಕೆಂದೂ ಇಲ್ಲ. ಅದೇ ಲೆನ್ಸುಗಳು ಕೂಡುವ, ಹಿಂದಿನ ಮಾದರಿಯ, ಕೈ ಬದಲಾದ ಬಾಡಿ ಸಾಕು. ವೃತ್ತಿಬಾಂಧವರೊಬ್ಬರಿಂದ ಮದುವೆಯ ದಿನಕ್ಕೆ ಎರವಲು ತರುವ ವಾಡಿಕೆಯೂ ಇದೆ. ಆದರೆ ಒಳ್ಳೆಯ ಮುಹೂರ್ತ ಎಲ್ಲರಿಗೂ ಒಂದೇ ದಿನ ಬರುವುದರಿಂದ, ಬೇಕಾದ ದಿನವೇ ಎಲ್ಲರ ಯಂತ್ರಗಳೂ ಕೆಲಸದಲ್ಲಿರುತ್ತವೆ.

ಕೊಂಡ ಮೇಲೆ ಆಷಾಢ ಬರುತ್ತದೆ. ಮದುವೆಗಳು ನಿಲ್ಲುತ್ತವೆ, ಮುನಿಗಳು ಚಾತುರ್ಮಾಸಕ್ಕೆ ಒಂದೆಡೆ ನೆಲೆಯಾಗುತ್ತಾರೆ, ಖಾನಾಪುರದ ದಾರಿಯ ಮೇಲೆ ಮಳೆ ಎಡೆಬಿಡದೆ ಸುರಿಯುತ್ತದೆ. ಎರಡನೆಯ ಬಾಡಿಯನ್ನು ಯಾರಿಗಾಗಿ ಕಾದಿರಿಸಿತ್ತೋ ಅವರು ಆ ತಿಂಗಳುಗಳಲ್ಲಿ ಇಲ್ಲ. ಕೆಲಸ ಕಲಿಯಲೆಂದು ಸ್ಟುಡಿಯೊಗೆ ಬರುವ ಹುಡುಗನೊಬ್ಬ, ಸ್ವಂತ ಕ್ಯಾಮೆರಾ ಇಲ್ಲದವನು, ಎರಡು ತಿಂಗಳ ಮಟ್ಟಿಗೆ ಅದನ್ನು ಕೇಳುತ್ತಾನೆ. ಕೊಟ್ಟರೆ ಗೀರು ಬೀಳಬಹುದು, ನೆನೆಯಬಹುದು, ಕಾರ್ತಿಕಕ್ಕೆ ಮುಂಚೆ ಮರಳಿ ಬಾರದೆಯೂ ಇರಬಹುದು. ಕೊಡದಿದ್ದರೆ ಅದು ಬೀರುವಿನಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಭದ್ರವಾಗಿರುತ್ತದೆ. ಹುಡುಗ ಬಾಗಿಲಲ್ಲಿ ನಿಂತು ಉತ್ತರಕ್ಕಾಗಿ ಕಾಯುತ್ತಿರುವಾಗ, ಆ ಬಾಡಿ ಇಷ್ಟು ದಿನ ಉಪಕರಣವಾಗಿತ್ತೋ ಪರಿಗ್ರಹವಾಗಿತ್ತೋ ಎಂಬುದು ಅದನ್ನು ಕೊಂಡವನಿಗೆ ತಿಳಿಯುತ್ತದೆ.